ಒಂದೇ ಆಪರೇಷನ್‌ಗೆ ಸಕ್ಕರೆ ಕಾಯಿಲೆ ಶಾಶ್ವತವಾಗಿ ಮಾಯವಾಗುತ್ತದೆಯೇ? ಹತ್ತು ವರ್ಷಗಳ ಲೆಕ್ಕ ಏನು ಹೇಳುತ್ತದೆ

ಕಳೆದ ತಿಂಗಳು ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಅತ್ತೆ ಒಂದು ಸಂದೇಶ ಫಾರ್ವರ್ಡ್ ಮಾಡಿದರು. ಹೊಟ್ಟೆಯ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ ಎರಡು ಸಾಲು: "ಒಂದೇ ಆಪರೇಷನ್. ಸಕ್ಕರೆ ಕಾಯಿಲೆ ಬುಡಸಮೇತ ಮಾಯ. ಮಾತ್ರೆ, ಇಂಜೆಕ್ಷನ್ ಕಸದ ಬುಟ್ಟಿಗೆ." ಅರ್ಧ ಗಂಟೆಯೊಳಗೆ ಅದೇ ಗುಂಪಿನಲ್ಲಿ ಇನ್ನೊಬ್ಬರು ಎದುರುತ್ತರದ ಫಾರ್ವರ್ಡ್ ಹಾಕಿದರು: "ಇದೆಲ್ಲ ದುಡ್ಡು ಮಾಡೋ ದಂಧೆ. ಎರಡು ವರ್ಷಕ್ಕೆ ಶುಗರ್ ವಾಪಸ್."

ಆ ಸಂಜೆ ಅತ್ತೆ ಫೋನ್ ಮಾಡಿದರು. "ನೋಡು ಪುಟ್ಟ, ನಿಮ್ಮ ಮಾವಂಗೆ ಹದಿನಾಲ್ಕು ವರ್ಷದಿಂದ ಶುಗರ್. ಈಗ ಇನ್ಸುಲಿನ್ ಬೇರೆ ಶುರುವಾಗಿದೆ. ಸೈಟ್ ಮಾರಿ ಆದ್ರೂ ಮಾಡಿಸ್ಬಿಡೋಣ ಅಂತಿದೀವಿ. ಇದು ನಿಜಾನಾ?"

ಸೈಟ್ ಮಾರುವ ಮಾತು ಬಂದ ಮೇಲೆ "ಫಾರ್ವರ್ಡ್ ನಂಬಬೇಡಿ ಅತ್ತೆ" ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಏಕೆಂದರೆ ಎರಡೂ ಸಂದೇಶಗಳಲ್ಲಿ ಸ್ವಲ್ಪ ಸ್ವಲ್ಪ ಸತ್ಯವಿದೆ. ಉಳಿದ ಭಾಗವೇ ಅಪಾಯ.

ಚುಟುಕಾಗಿ ಹೇಳುವುದಾದರೆ

ಟೈಪ್ 2 ಮಧುಮೇಹದ ಜೊತೆಗೆ ಬೊಜ್ಜೂ ಇರುವವರಲ್ಲಿ, ತೂಕ ಇಳಿಸುವ ಶಸ್ತ್ರಚಿಕಿತ್ಸೆ ರಕ್ತದ ಸಕ್ಕರೆಯನ್ನು ಬರೀ ಔಷಧಿಗಿಂತ ಚೆನ್ನಾಗಿ ಹತೋಟಿಗೆ ತರುತ್ತದೆ. ಈ ಲಾಭ ಹತ್ತು ವರ್ಷ ದಾಟಿದರೂ ಉಳಿಯುತ್ತದೆ. ಆದರೆ ಮೊದಲ ಒಂದೆರಡು ವರ್ಷ "ಮಾತ್ರೆಯೇ ಬೇಡ" ಎನ್ನುವ ಸ್ಥಿತಿಗೆ ಬಂದವರಲ್ಲಿ ಹಲವರಿಗೆ ನಿಧಾನವಾಗಿ ಸಕ್ಕರೆ ಮತ್ತೆ ಏರುತ್ತದೆ. ಆದ್ದರಿಂದ ಇದನ್ನು "ಶಾಶ್ವತ ಗುಣ" ಎನ್ನುವುದು ತಪ್ಪು. "ವ್ಯರ್ಥ" ಎನ್ನುವುದೂ ತಪ್ಪು.

ಹೊಟ್ಟೆ ಕತ್ತರಿಸಿದರೆ ಸಕ್ಕರೆ ಏಕೆ ಇಳಿಯುತ್ತದೆ?

ವೈದ್ಯರು ಇದಕ್ಕೆ ಬೇರಿಯಾಟ್ರಿಕ್ ಸರ್ಜರಿ ಎನ್ನುತ್ತಾರೆ. ಹೆಚ್ಚಾಗಿ ನಡೆಯುವುದು ಎರಡು ಬಗೆ. ಒಂದು ಸ್ಲೀವ್: ಜಠರದ ಮುಕ್ಕಾಲು ಭಾಗದಷ್ಟನ್ನು ತೆಗೆದು, ಉಳಿದದ್ದನ್ನು ಬಾಳೆಕಾಯಿಯಂಥ ಕಿರಿದಾದ ಕೊಳವೆಯಾಗಿ ಮಾಡುತ್ತಾರೆ. ಇನ್ನೊಂದು ಗ್ಯಾಸ್ಟ್ರಿಕ್ ಬೈಪಾಸ್: ಜಠರದ ಮೇಲ್ಭಾಗದಲ್ಲಿ ಪುಟ್ಟ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ತಿಂದ ಆಹಾರ ಜಠರದ ಬಹುಭಾಗವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಮುಂದೆ ಹೋಗುತ್ತದೆ.

ಇದನ್ನು ಶುರು ಮಾಡಿದ್ದು ತೂಕ ಇಳಿಸುವುದಕ್ಕೆ. ಸಕ್ಕರೆಯ ವಿಷಯ ಆಮೇಲೆ ಗಮನಕ್ಕೆ ಬಂತು. ಅಮೆರಿಕದ ನಾರ್ತ್ ಕೆರೊಲಿನಾದ ಸರ್ಜನ್ ವಾಲ್ಟರ್ ಪೋರೀಸ್ ಮತ್ತು ಸಂಗಡಿಗರು 1995ರಲ್ಲಿ ತಮ್ಮ ಬೈಪಾಸ್ ರೋಗಿಗಳ ಲೆಕ್ಕ ಪ್ರಕಟಿಸಿದರು. ಮಧುಮೇಹವಿದ್ದ 146 ಜನರಲ್ಲಿ 121 ಮಂದಿಯ ಸಕ್ಕರೆ ಸಹಜ ಮಟ್ಟಕ್ಕೆ ಬಂದಿತ್ತು. ವಿಚಿತ್ರವೆಂದರೆ, ತೂಕ ಅಷ್ಟಾಗಿ ಇಳಿಯುವ ಮುಂಚೆಯೇ, ಕೆಲವೇ ದಿನಗಳಲ್ಲಿ ಸಕ್ಕರೆ ಇಳಿಯುತ್ತಿತ್ತು.

ಕಾರಣ ಒಂದೇ ಅಲ್ಲ. ಆಪರೇಷನ್ ಆದ ತಕ್ಷಣ ಊಟದ ಪ್ರಮಾಣ ತೀರಾ ಕಡಿಮೆಯಾಗುತ್ತದೆ. ಆಗ ಲಿವರ್‌ನಲ್ಲಿ ಕೂತಿದ್ದ ಕೊಬ್ಬು ಬೇಗ ಕರಗಿ, ಲಿವರ್ ಮತ್ತೆ ಇನ್ಸುಲಿನ್ ಮಾತು ಕೇಳಲು ಶುರು ಮಾಡುತ್ತದೆ. ಇನ್ನೊಂದು ಕಡೆ, ಆಹಾರ ಬೇಗನೆ ಕರುಳಿನ ಕೆಳಭಾಗ ತಲುಪುವುದರಿಂದ ಜಿಎಲ್‌ಪಿ-1 ಎಂಬ ಹಾರ್ಮೋನ್ ಹೆಚ್ಚು ಹೊರಬರುತ್ತದೆ. ಊಟವಾದ ಮೇಲೆ ಇನ್ಸುಲಿನ್ ಬಿಡುಗಡೆ ಮಾಡು ಎಂದು ಮೇದೋಜೀರಕ ಗ್ರಂಥಿಗೆ ಹೇಳುವ ಹಾರ್ಮೋನ್ ಅದು. ಇತ್ತೀಚೆಗೆ ಸುದ್ದಿಯಲ್ಲಿರುವ ಸೆಮಗ್ಲುಟೈಡ್ ಇಂಜೆಕ್ಷನ್ ಇದೇ ಹಾರ್ಮೋನನ್ನು ಅನುಕರಿಸುವ ಔಷಧಿ. ತಿಂಗಳುಗಳು ಕಳೆದಂತೆ ತೂಕ ಇಳಿದು ಅದರ ಲಾಭವೂ ಸೇರಿಕೊಳ್ಳುತ್ತದೆ.

ಅಂದರೆ "ಆಪರೇಷನ್ ಆಗಿ ವಾರದೊಳಗೆ ಇನ್ಸುಲಿನ್ ನಿಂತಿತು" ಎಂದು ಯಾರಾದರೂ ಹೇಳಿದರೆ ಅದು ಸುಳ್ಳಾಗಿರಬೇಕಿಲ್ಲ. ಪ್ರಶ್ನೆ ಇರುವುದು ಮುಂದಿನ ವರ್ಷಗಳದ್ದು.

ರೋಮ್‌ನ 60 ಜನ, ಹತ್ತು ವರ್ಷ

ಫಾರ್ವರ್ಡ್‌ಗಳಲ್ಲಿ ಬರುವ "ಮೊದಲು–ನಂತರ" ಫೋಟೊಗಳು ಸಾಮಾನ್ಯವಾಗಿ ಮೊದಲ ವರ್ಷದವು. ಹತ್ತನೇ ವರ್ಷದ ಫೋಟೊ ಯಾರೂ ಕಳಿಸುವುದಿಲ್ಲ. ಅದನ್ನು ನೋಡಲು ಅಧ್ಯಯನಗಳತ್ತ ಹೋಗಬೇಕು.

ಇಟಲಿಯ ರೋಮ್‌ನಲ್ಲಿ ಜೆಲ್ಟ್ರೂಡ್ ಮಿಂಗ್ರೋನೆ ಎಂಬ ವೈದ್ಯವಿಜ್ಞಾನಿ ಮತ್ತು ತಂಡದವರು 60 ಜನರನ್ನು ಆರಿಸಿಕೊಂಡರು. ಎಲ್ಲರಿಗೂ ಕನಿಷ್ಠ 5 ವರ್ಷಗಳಿಂದ ಟೈಪ್ 2 ಮಧುಮೇಹ, ಎಲ್ಲರ ಬಿಎಂಐ 35 ಅಥವಾ ಹೆಚ್ಚು. ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು: 20 ಜನರಿಗೆ ಔಷಧಿ ಮತ್ತು ಜೀವನಶೈಲಿ ಬದಲಾವಣೆ, 20 ಜನರಿಗೆ ಗ್ಯಾಸ್ಟ್ರಿಕ್ ಬೈಪಾಸ್, ಉಳಿದ 20 ಜನರಿಗೆ ಕರುಳಿನ ಇನ್ನೂ ಹೆಚ್ಚು ಭಾಗವನ್ನು ಬಳಸುದಾರಿಯಲ್ಲಿ ದಾಟಿಸುವ ಬಿಲಿಯೋಪ್ಯಾಂಕ್ರಿಯಾಟಿಕ್ ಡೈವರ್ಷನ್ ಎಂಬ ದೊಡ್ಡ ಶಸ್ತ್ರಚಿಕಿತ್ಸೆ. ಹೀಗೆ ಹಂಚುವುದು ಮುಖ್ಯ. ಇಲ್ಲದಿದ್ದರೆ ಆರೋಗ್ಯ ಚೆನ್ನಾಗಿದ್ದವರೇ ಆಪರೇಷನ್ ಗುಂಪಿಗೆ ಸೇರಿ ಫಲಿತಾಂಶ ಅಂದವಾಗಿ ಕಾಣಬಹುದು.

ಎರಡು ವರ್ಷದ ಹೊತ್ತಿಗೆ ಚಿತ್ರ ಬೆರಗು ಹುಟ್ಟಿಸುವಂತಿತ್ತು. ಬೈಪಾಸ್ ಆದವರಲ್ಲಿ ಶೇ 75, ದೊಡ್ಡ ಆಪರೇಷನ್ ಆದವರಲ್ಲಿ ಶೇ 95 ಮಂದಿ ಔಷಧಿಯಿಲ್ಲದೆ ಮಧುಮೇಹದ ಮಿತಿಗಿಂತ ಕೆಳಗಿದ್ದರು. ಔಷಧಿ ಗುಂಪಿನಲ್ಲಿ ಒಬ್ಬರೂ ಇರಲಿಲ್ಲ. ಇಲ್ಲಿಗೆ ನಿಲ್ಲಿಸಿದರೆ ಅತ್ತೆಯ ಫಾರ್ವರ್ಡ್ ನಿಜ.

ಆದರೆ ತಂಡ ಅಲ್ಲಿಗೆ ನಿಲ್ಲಿಸಲಿಲ್ಲ. ಹತ್ತು ವರ್ಷಗಳ ಫಲಿತಾಂಶ 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆ ಹೊತ್ತಿಗೆ ಔಷಧಿಯಿಲ್ಲದೆ ಇದ್ದವರು ಬೈಪಾಸ್ ಗುಂಪಿನಲ್ಲಿ ಶೇ 25, ದೊಡ್ಡ ಆಪರೇಷನ್ ಗುಂಪಿನಲ್ಲಿ ಶೇ 50. ಎರಡನೇ ವರ್ಷ "ಹೋಯಿತು" ಎಂದುಕೊಂಡಿದ್ದ 34 ಜನರಲ್ಲಿ 20 ಮಂದಿಗೆ ಸಕ್ಕರೆ ಮರಳಿತ್ತು. ಇಲ್ಲಿಗೆ ನಿಲ್ಲಿಸಿದರೆ ಎರಡನೇ ಫಾರ್ವರ್ಡ್ ನಿಜ.

ಎರಡೂ ಫಾರ್ವರ್ಡ್‌ಗಳು ಬಿಟ್ಟ ಸಂಗತಿ ಇನ್ನೊಂದಿದೆ. ಸಕ್ಕರೆ ಮರಳಿದ ಆ 20 ಜನರ ಎಚ್‌ಬಿಎ1ಸಿ ಹತ್ತನೇ ವರ್ಷದಲ್ಲಿ ಸರಾಸರಿ 6.7 ಇತ್ತು. ಎಚ್‌ಬಿಎ1ಸಿ ಎಂದರೆ ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ. 6.5 ದಾಟಿದರೆ ಮಧುಮೇಹ, ಅನೇಕ ಮಧುಮೇಹಿಗಳಿಗೆ ವೈದ್ಯರು ಕೊಡುವ ಗುರಿ 7ರೊಳಗೆ. ಅಂದರೆ ಕಾಯಿಲೆ ಮರಳಿತ್ತು, ಆದರೆ ಹಿಡಿತದಲ್ಲಿತ್ತು. ಮಧುಮೇಹದಿಂದ ಬರುವ ತೊಡಕುಗಳೂ ಔಷಧಿ ಗುಂಪಿಗಿಂತ ಆಪರೇಷನ್ ಗುಂಪುಗಳಲ್ಲಿ ಬಹಳ ಕಡಿಮೆ ಇದ್ದವು.

ಬೇರೆ ಅಧ್ಯಯನಗಳೂ ಇದನ್ನೇ ಹೇಳುತ್ತವೆಯೇ?

60 ಜನರ ಒಂದು ಅಧ್ಯಯನದ ಮೇಲೆ ಎಲ್ಲವನ್ನೂ ನಿಲ್ಲಿಸಲಾಗದು. ಆದರೆ ಉಳಿದ ಕಡೆಯೂ ಗೆರೆ ಇಳಿಯುವ ರೀತಿ ಒಂದೇ.

ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನದಲ್ಲಿ, ಮಧುಮೇಹವಿದ್ದು ಆಪರೇಷನ್ ಮಾಡಿಸಿಕೊಂಡವರಲ್ಲಿ 2 ವರ್ಷಕ್ಕೆ ಶೇ 72 ಮಂದಿ ಮಧುಮೇಹದಿಂದ ಹೊರಗಿದ್ದರು. 15 ವರ್ಷಕ್ಕೆ ಅದು ಶೇ 30ಕ್ಕೆ ಇಳಿಯಿತು. ಆಪರೇಷನ್ ಇಲ್ಲದ ಗುಂಪಿನಲ್ಲಿ 15 ವರ್ಷಕ್ಕೆ ಹೊರಗಿದ್ದವರು ಶೇ 6.5 ಮಾತ್ರ. ಇಲ್ಲಿ ಚೀಟಿ ಎತ್ತಿ ಹಂಚಿರಲಿಲ್ಲ, ಬಳಸಿದ ಆಪರೇಷನ್‌ಗಳಲ್ಲಿ ಹೆಚ್ಚಿನವು ಈಗ ಬಳಕೆಯಲ್ಲಿಲ್ಲದ ಹಳೆಯ ಬಗೆಯವು ಎಂಬುದನ್ನು ನೆನಪಿಡಬೇಕು. ಆದರೂ ಕಣ್ಣು, ಕಿಡ್ನಿ, ನರಗಳಿಗೆ ಸಂಬಂಧಿಸಿದ ತೊಡಕುಗಳು ಆಪರೇಷನ್ ಆದವರಲ್ಲಿ ಸುಮಾರು ಅರ್ಧದಷ್ಟಿದ್ದವು.

ಅಮೆರಿಕದ ನಾಲ್ಕು ಅಧ್ಯಯನಗಳನ್ನು ಒಟ್ಟುಗೂಡಿಸಿ 262 ಜನರನ್ನು ಗಮನಿಸಿದ ವರದಿ 2024ರಲ್ಲಿ ಬಂತು. ಮೊದಲ ವರ್ಷ ಆಪರೇಷನ್ ಗುಂಪಿನ ಅರ್ಧದಷ್ಟು ಜನ ಔಷಧಿಯಿಲ್ಲದ ಸ್ಥಿತಿಗೆ ಬಂದಿದ್ದರು. 7 ವರ್ಷಕ್ಕೆ ಅದು ಶೇ 18, 12 ವರ್ಷಕ್ಕೆ ಶೇ 13ರ ಆಸುಪಾಸು. ಔಷಧಿ ಗುಂಪಿನಲ್ಲಿ 12 ವರ್ಷಕ್ಕೆ ಒಬ್ಬರೂ ಇಲ್ಲ. ಆದರೆ 7 ವರ್ಷದಲ್ಲಿ ಎಚ್‌ಬಿಎ1ಸಿ ಆಪರೇಷನ್ ಗುಂಪಿನಲ್ಲಿ 1.6 ಅಂಶ ಇಳಿದಿತ್ತು, ಔಷಧಿ ಗುಂಪಿನಲ್ಲಿ 0.2 ಮಾತ್ರ.

1.6 ಎಂದರೆ ಸಣ್ಣ ಸಂಖ್ಯೆಯಂತೆ ಕಾಣುತ್ತದೆ. ಬ್ರಿಟನ್ನಿನ ಪ್ರಸಿದ್ಧ ಮಧುಮೇಹ ಅಧ್ಯಯನದ ವಿಶ್ಲೇಷಣೆಯೊಂದರಲ್ಲಿ, ಎಚ್‌ಬಿಎ1ಸಿ 1 ಅಂಶ ಕಡಿಮೆ ಇದ್ದವರಲ್ಲಿ ಕಣ್ಣು–ಕಿಡ್ನಿಯಂಥ ಸೂಕ್ಷ್ಮ ರಕ್ತನಾಳಗಳ ತೊಂದರೆಯ ಅಪಾಯ ಶೇ 37ರಷ್ಟು ಕಡಿಮೆ ಇತ್ತು. "ಮಾತ್ರೆ ಪೂರ್ತಿ ನಿಂತಿತೇ" ಎಂಬ ಒಂದೇ ಪ್ರಶ್ನೆ ಕೇಳಿದರೆ ಈ ಲಾಭ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

"ಗುಣ" ಅಲ್ಲ, "ಉಪಶಮನ"

ಅದಕ್ಕೇ ವೈದ್ಯರು ಗುಣವಾಯಿತು ಎನ್ನದೆ ರೆಮಿಷನ್, ಅಂದರೆ ಉಪಶಮನ ಎನ್ನುತ್ತಾರೆ. 2021ರಲ್ಲಿ ಅಂತರರಾಷ್ಟ್ರೀಯ ತಜ್ಞರು ಒಪ್ಪಿಕೊಂಡ ಅಳತೆ ಹೀಗಿದೆ: ಸಕ್ಕರೆ ಇಳಿಸುವ ಎಲ್ಲ ಔಷಧಿ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ 6.5ಕ್ಕಿಂತ ಕಡಿಮೆ ಇರಬೇಕು. ಬೂದಿ ಮುಚ್ಚಿದ ಕೆಂಡ ಎನ್ನುತ್ತೇವಲ್ಲ, ಹಾಗೆ. ಉರಿ ಕಾಣುವುದಿಲ್ಲ, ಕೆಂಡ ಇರುತ್ತದೆ.

ಮರಳುವುದೇಕೆ? "ಬಾಯಿ ಕಟ್ಟಲಿಲ್ಲ, ಅದಕ್ಕೇ ವಾಪಸ್ ಬಂತು" ಎಂದು ರೋಗಿಯನ್ನೇ ದೂರುವುದು ನಮ್ಮಲ್ಲಿ ಸಾಮಾನ್ಯ. ತೂಕ ಮತ್ತೆ ಏರುವುದೂ ಒಂದು ಕಾರಣ ಎಂದು ಹಲವು ಅಧ್ಯಯನಗಳು ಹೇಳುತ್ತವೆ. ಆದರೆ ರೋಮ್ ಅಧ್ಯಯನದ 5 ವರ್ಷದ ವರದಿಯಲ್ಲಿ, ಯಾರಿಗೆ ಸಕ್ಕರೆ ಮರಳುತ್ತದೆ ಎಂಬುದನ್ನು ತೂಕದ ಏರಿಳಿತ ನೋಡಿ ಹೇಳಲಾಗಲಿಲ್ಲ. ಮುಖ್ಯ ವಿಷಯ ಒಳಗಿದೆ. ಟೈಪ್ 2 ಮಧುಮೇಹದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳು ವರ್ಷಗಳು ಕಳೆದಂತೆ ಸೊರಗುತ್ತವೆ. ಆಪರೇಷನ್ ಉಳಿದ ಕೋಶಗಳ ಹೊರೆ ಇಳಿಸುತ್ತದೆ. ಸತ್ತ ಕೋಶಗಳನ್ನು ಬದುಕಿಸುವುದಿಲ್ಲ.

ಯಾರಿಗೆ ಹೆಚ್ಚು ಫಲ?

ಈ ಕಾರಣಕ್ಕೇ ಸಮಯ ಮುಖ್ಯ. ಮಧುಮೇಹ ಬಂದು ಕೆಲವೇ ವರ್ಷಗಳಾಗಿರುವವರು, ಇನ್ಸುಲಿನ್ ಇನ್ನೂ ಶುರುವಾಗದವರು, ಕಡಿಮೆ ಮಾತ್ರೆಗಳಲ್ಲಿ ಹತೋಟಿಯಲ್ಲಿರುವವರು: ಇವರಲ್ಲಿ ಉಪಶಮನದ ಸಾಧ್ಯತೆ ಹೆಚ್ಚು. ದೇಹ ತಾನೇ ಎಷ್ಟು ಇನ್ಸುಲಿನ್ ತಯಾರಿಸುತ್ತಿದೆ ಎಂದು ಅಂದಾಜಿಸಲು ಸಿ-ಪೆಪ್ಟೈಡ್ ಎಂಬ ರಕ್ತಪರೀಕ್ಷೆ ಇದೆ. ವಯಸ್ಸು, ಬಿಎಂಐ, ಸಿ-ಪೆಪ್ಟೈಡ್, ಕಾಯಿಲೆಯ ಅವಧಿ ಈ ನಾಲ್ಕನ್ನು ಸೇರಿಸಿ ಅಂಕ ಕೊಡುವ ಪದ್ಧತಿಯನ್ನೂ ವೈದ್ಯರು ಬಳಸುತ್ತಾರೆ.

ಹತ್ತು–ಹದಿನೈದು ವರ್ಷಗಳಿಂದ ಮಧುಮೇಹವಿದ್ದು ಇನ್ಸುಲಿನ್ ಮೇಲಿರುವವರಿಗೆ ಪೂರ್ತಿ ಉಪಶಮನದ ಸಾಧ್ಯತೆ ಕಡಿಮೆ. ಆದರೂ ಇನ್ಸುಲಿನ್ ಪ್ರಮಾಣ ಇಳಿಯಬಹುದು, ಬಿಪಿ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಮೊಣಕಾಲು ನೋವು ಕಡಿಮೆಯಾಗಬಹುದು.

ಟೈಪ್ 1 ಮಧುಮೇಹದ ಕಥೆಯೇ ಬೇರೆ. ಅಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಬೀಟಾ ಕೋಶಗಳನ್ನು ನಾಶ ಮಾಡಿರುತ್ತದೆ. ಯಾವ ತೂಕ ಇಳಿಸುವ ಆಪರೇಷನ್ನೂ ಇನ್ಸುಲಿನ್‌ನ ಅಗತ್ಯ ತಪ್ಪಿಸುವುದಿಲ್ಲ. "ಆಪರೇಷನ್ ಆಯಿತು" ಎಂದು ಟೈಪ್ 1 ಇರುವ ಮಗು ಅಥವಾ ದೊಡ್ಡವರು ಇನ್ಸುಲಿನ್ ಬಿಟ್ಟರೆ ಪ್ರಾಣಕ್ಕೇ ಅಪಾಯ.

ಸಣಕಲು ದೇಹದ ಮಧುಮೇಹಿಗಳೂ ನಮ್ಮಲ್ಲಿ ಬಹಳ. ಅವರಿಗೆ ಈ ಶಸ್ತ್ರಚಿಕಿತ್ಸೆ ಹೇಳಿಸಿದ್ದಲ್ಲ.

ನಮ್ಮ ದೇಶದಲ್ಲಿ ಅಳತೆ ಬೇರೆ

ಐಸಿಎಂಆರ್ ನೆರವಿನ ಸಮೀಕ್ಷೆ 2023ರಲ್ಲಿ ಭಾರತದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ ಎಂದು ಅಂದಾಜಿಸಿತು. ಯುರೋಪಿನವರಿಗಿಂತ ಕಡಿಮೆ ತೂಕದಲ್ಲೇ ಏಷ್ಯಾದವರಿಗೆ ಮಧುಮೇಹ ಬರುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸುವ ಮಿತಿಯೂ ನಮಗೆ ಕೆಳಗಿದೆ. ಸಕ್ಕರೆ ಹತೋಟಿಗೆ ಬಾರದ ಏಷ್ಯಾದವರಲ್ಲಿ ಬಿಎಂಐ 27.5 ಇದ್ದರೂ ಇದನ್ನು ಪರಿಗಣಿಸಬಹುದು ಎನ್ನುತ್ತವೆ ಅಂತರರಾಷ್ಟ್ರೀಯ ಮಾರ್ಗಸೂಚಿಗಳು.

ವಿಮೆಯ ಲೆಕ್ಕ ಮಾತ್ರ ಇನ್ನೊಂದು. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ರೂಪಿಸಿದ ಮಾದರಿ ಷರತ್ತಿನಲ್ಲಿ ಬಿಎಂಐ 40 ಇರಬೇಕು, ಅಥವಾ 35 ಇದ್ದು ಜೊತೆಗೆ ಹತೋಟಿಗೆ ಬಾರದ ಟೈಪ್ 2 ಮಧುಮೇಹದಂಥ ಗಂಭೀರ ತೊಂದರೆ ಇರಬೇಕು. 165 ಸೆಂಟಿಮೀಟರ್ ಎತ್ತರದವರಿಗೆ ಬಿಎಂಐ 27.5 ಎಂದರೆ ಸುಮಾರು 75 ಕಿಲೋ, 35 ಎಂದರೆ ಸುಮಾರು 95 ಕಿಲೋ. ಈ ಇಪ್ಪತ್ತು ಕಿಲೋ ನಡುವೆ ಇರುವವರಿಗೆ ವೈದ್ಯರು "ಮಾಡಿಸಬಹುದು" ಎಂದರೂ ವಿಮೆ "ಇಲ್ಲ" ಎನ್ನಬಹುದು. ಮುಂಗಡ ಕಟ್ಟುವ ಮೊದಲೇ ಪಾಲಿಸಿಯ ಷರತ್ತು, ಕಾಯುವ ಅವಧಿ ಎರಡನ್ನೂ ಲಿಖಿತವಾಗಿ ಕೇಳಿ.

ಆಪರೇಷನ್ ನಂತರ ಏನು ಬಿಡಬಾರದು?

ಫಾರ್ವರ್ಡ್‌ನ ಅತಿ ಅಪಾಯಕಾರಿ ಸಾಲು ಕೊನೆಯದು: "ಮಾತ್ರೆ ಕಸದ ಬುಟ್ಟಿಗೆ." ಔಷಧಿ ಕಡಿಮೆ ಮಾಡುವುದು, ನಿಲ್ಲಿಸುವುದು ವೈದ್ಯರ ಕೆಲಸ. ಆಪರೇಷನ್ ಆದ ಮೇಲೆ ಹಳೆಯ ಪ್ರಮಾಣದ ಇನ್ಸುಲಿನ್ ಮುಂದುವರಿಸಿದರೆ ಸಕ್ಕರೆ ತೀರಾ ಕುಸಿಯಬಹುದು. ತಾವಾಗಿಯೇ ಎಲ್ಲ ಬಿಟ್ಟರೆ ಏರಬಹುದು. ಇವುಗಳ ಜೊತೆ ಇನ್ನೂ ಕೆಲವು:

• ವಿಟಮಿನ್ ಮಾತ್ರೆ ಜೀವನಪೂರ್ತಿ. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಸಸ್ಯಾಹಾರಿಗಳಲ್ಲಿ, ಮೆಟ್ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಬಿ12 ಮೊದಲೇ ಕಡಿಮೆ ಇರುವ ಸಾಧ್ಯತೆ ಹೆಚ್ಚು. 2024ರ ಅಮೆರಿಕದ ವರದಿಯಲ್ಲೂ ರಕ್ತಹೀನತೆ, ಮೂಳೆ ಮುರಿತ, ಜೀರ್ಣಾಂಗದ ತೊಂದರೆಗಳು ಆಪರೇಷನ್ ಗುಂಪಿನಲ್ಲಿ ಹೆಚ್ಚಿದ್ದವು.

• ಎಚ್‌ಬಿಎ1ಸಿ ಪರೀಕ್ಷೆ ನಿಲ್ಲಿಸಬೇಡಿ. ಉಪಶಮನದಲ್ಲಿದ್ದರೂ ವರ್ಷಕ್ಕೊಮ್ಮೆಯಾದರೂ ಬೇಕು. ಕಬ್ಬಿಣದ ಕೊರತೆ ಇದ್ದರೆ ಈ ಸಂಖ್ಯೆ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಹಿಮೋಗ್ಲೋಬಿನ್ ಕೂಡ ನೋಡಿಸಿ.

• ಕಣ್ಣಿನ ಪರೀಕ್ಷೆ ತಪ್ಪಿಸಬೇಡಿ. ಬಹುಕಾಲ ಹೆಚ್ಚಿದ್ದ ಸಕ್ಕರೆ ಒಮ್ಮೆಲೇ ಇಳಿದಾಗ ಕೆಲವರಲ್ಲಿ ರೆಟಿನಾದ ತೊಂದರೆ ಉಲ್ಬಣಿಸಬಹುದು. ಆಪರೇಷನ್‌ಗೆ ಮೊದಲೂ ಆಮೇಲೂ ಕಣ್ಣಿನ ವೈದ್ಯರನ್ನು ಕಾಣಬೇಕು.

• ಊಟವಾದ ಒಂದರಿಂದ ಮೂರು ಗಂಟೆಯಲ್ಲಿ ಬೆವರು, ನಡುಕ, ತಲೆಸುತ್ತು ಬಂದರೆ ಸುಮ್ಮನಿರಬೇಡಿ. ಬೈಪಾಸ್ ಆದ ಕೆಲವರಲ್ಲಿ ಸಿಹಿ ತಿಂದ ಮೇಲೆ ಸಕ್ಕರೆ ಏರಿ, ಆಮೇಲೆ ತೀರಾ ಕುಸಿಯುತ್ತದೆ. ವರ್ಷಗಳ ನಂತರವೂ ಇದು ಶುರುವಾಗಬಹುದು.

• ತಟ್ಟೆಯಲ್ಲಿ ಬೇಳೆ, ಮೊಟ್ಟೆ, ಮೊಸರು, ಪನೀರ್ ಮೊದಲು. ಅನ್ನ, ಮುದ್ದೆ ಆಮೇಲೆ. ಹೊಟ್ಟೆ ಚಿಕ್ಕದಾದ ಮೇಲೆ ಇರುವ ಜಾಗ ಪ್ರೋಟೀನ್‌ಗೆ ಸಲ್ಲಬೇಕು.

• ಮದ್ಯದ ವಿಷಯದಲ್ಲಿ ಎಚ್ಚರ. ಬೈಪಾಸ್ ನಂತರ ಅದು ಬೇಗ ರಕ್ತಕ್ಕೆ ಸೇರುತ್ತದೆ, ಚಟವಾಗುವ ಅಪಾಯವೂ ಹೆಚ್ಚುತ್ತದೆ.

• ಮಗು ಬೇಕೆನ್ನುವ ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ 12ರಿಂದ 18 ತಿಂಗಳು ಕಾಯಲು ಹೇಳುತ್ತಾರೆ.

ನಿರ್ಧಾರಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಗಳು

ಸರ್ಜನ್ ಒಬ್ಬರನ್ನೇ ಅಲ್ಲ, ಮಧುಮೇಹ ತಜ್ಞರನ್ನೂ ಕಾಣಿ. ನನ್ನ ಸಿ-ಪೆಪ್ಟೈಡ್ ಎಷ್ಟಿದೆ? ನನ್ನ ಕಾಯಿಲೆಯ ಅವಧಿ ನೋಡಿದರೆ ಮಾತ್ರೆ ನಿಲ್ಲುವ ಸಾಧ್ಯತೆ ಎಷ್ಟು, ಕಡಿಮೆಯಾಗುವ ಸಾಧ್ಯತೆ ಎಷ್ಟು? ನನಗೆ ಸ್ಲೀವ್ ಏಕೆ, ಅಥವಾ ಬೈಪಾಸ್ ಏಕೆ? ಹೊಸ ಔಷಧಿಗಳನ್ನು ಮೊದಲು ಪ್ರಯತ್ನಿಸಬಹುದೇ? ಐದು ವರ್ಷದ ನಂತರವೂ ನನ್ನನ್ನು ನೋಡುವ ವ್ಯವಸ್ಥೆ ನಿಮ್ಮಲ್ಲಿದೆಯೇ? ಆಪರೇಷನ್ ಖರ್ಚು ಬಿಟ್ಟು ವರ್ಷಕ್ಕೆ ವಿಟಮಿನ್, ಪರೀಕ್ಷೆಗಳ ಖರ್ಚು ಎಷ್ಟು? ಕೊನೆಯ ಎರಡು ಪ್ರಶ್ನೆಗಳಿಗೆ ಸರಿಯಾದ ಉತ್ತರ ಸಿಗದಿದ್ದರೆ ಅವಸರ ಬೇಡ.

ಅತ್ತೆಗೆ ನಾನು ಇಷ್ಟನ್ನೂ ಹೇಳಿದೆ. ಮಾವನಿಗೆ ಹದಿನಾಲ್ಕು ವರ್ಷ ಆಗಿರುವುದರಿಂದ ಮಾತ್ರೆ, ಇನ್ಸುಲಿನ್ ಪೂರ್ತಿ ನಿಲ್ಲುತ್ತದೆ ಎಂದು ಲೆಕ್ಕ ಹಾಕಿ ಸೈಟ್ ಮಾರಬೇಡಿ ಎಂದೆ. ಆದರೆ ಸಕ್ಕರೆ ಈಗಿಗಿಂತ ಹಿಡಿತಕ್ಕೆ ಬರುವ, ಕಣ್ಣು–ಕಿಡ್ನಿ ಉಳಿಯುವ ದಾರಿ ಇದಾಗಬಹುದು, ಆದ್ದರಿಂದ ಬಾಗಿಲು ಮುಚ್ಚಲೂಬೇಡಿ ಎಂದೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ ಅತ್ತೆ, "ಹಂಗಾದ್ರೆ ಆ ಪ್ರಶ್ನೆಗಳನ್ನ ಕನ್ನಡದಲ್ಲಿ ಬರೆದು ಕಳ್ಸು, ಡಾಕ್ಟ್ರ ಹತ್ರ ಓದ್ತೀನಿ" ಎಂದರು. ಮೇಲಿನ ಪಟ್ಟಿ ಮೊದಲು ಬರೆದದ್ದು ಅವರಿಗೇ.

ನಿಮ್ಮ ಗುಂಪಿನಲ್ಲೂ ಆ ಸಂದೇಶ ಬಂದರೆ ಉತ್ತರವಾಗಿ ಇದನ್ನು ಹಾಕಿ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಟೈಪ್ 2 ಮಧುಮೇಹವನ್ನು ಔಷಧಿಗಿಂತ ಚೆನ್ನಾಗಿ ಹತೋಟಿಗೆ ತರುತ್ತದೆ, ಆದರೆ ಶಾಶ್ವತವಾಗಿ ಗುಣಪಡಿಸುವುದಿಲ್ಲ. ಹಲವರಲ್ಲಿ ಸಕ್ಕರೆ ವರ್ಷಗಳ ನಂತರ ಮರಳುತ್ತದೆ. ಹಾಗೆ ಮರಳಿದರೂ ಮೊದಲಿಗಿಂತ ಹಿಡಿತದಲ್ಲಿರುವ ಸಾಧ್ಯತೆ ಹೆಚ್ಚು. ಕಾಯಿಲೆ ಹೊಸದಿದ್ದಾಗ ಫಲ ಹೆಚ್ಚು. ಟೈಪ್ 1ಕ್ಕೆ ಇದು ಪರಿಹಾರವಲ್ಲ. ಪರೀಕ್ಷೆ ಮತ್ತು ವಿಟಮಿನ್ ಜೀವನಪೂರ್ತಿ ಬೇಕು. ವೈದ್ಯರು ಹೇಳದೆ ಯಾವ ಮಾತ್ರೆಯನ್ನೂ, ಇನ್ಸುಲಿನ್ನನ್ನೂ ನಿಲ್ಲಿಸಬೇಡಿ.